ಉಲ್ಲನ್ನೆಂಬ ಹೆಸರೂ ಉಣ್ಣೆಯೆಂಬ ವಸ್ತುವೂ

ವಸ್ತು ಬದಲಾದ ಮೇಲೂ ಅದರ ಹಳೆಯ ಹೆಸರು ಉಳಿದುಬರುವುದು ಲೋಕದಲ್ಲಿ ಉಂಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಗಳಲ್ಲಿ ಕೂಸಿನ ಕುಂಚಿಗೆ, ಸ್ವೆಟರು, ಕಾಲುಚೀಲ, ಬಾಗಿಲ ತೋರಣ ಮೊದಲಾದವನ್ನು ಹೆಣೆಯಲು ಬಳಸುವ ನೂಲಿಗೆ ‘ಉಲ್ಲನ್’ ಎಂದು ಹೆಸರು. ಉಣ್ಣೆಯಿಂದ ಆದದ್ದು ಎಂಬುದೇ ಈ ಇಂಗ್ಲಿಷ್ ಮಾತಿನ ಅರ್ಥ. ಆದರೆ ಈ ಹೆಸರಿನಿಂದ ಇಂದು ಮಾರಾಟವಾಗುವ ಅಗ್ಗದ ನೂಲಿನಲ್ಲಿ ಕುರಿಯ ಮೈಯಿಂದ ಬಂದ ಎಳೆ ಸಾಮಾನ್ಯವಾಗಿ ಒಂದೂ ಇರುವುದಿಲ್ಲ.

ಅಂತರ್ಜಾಲದ ಸೋವಿ ಪೇಟೆಗಳು ಬಂದ ಮೇಲೆ ಈ ಹೆಸರಿನ ತೊಡಕು ಹೆಚ್ಚಾಗಿದೆ. ಫ್ಲಿಪ್‌ಕಾರ್ಟ್ 2007ರಲ್ಲಿ, ಮೀಶೋ 2015ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾದವು. ಇಂದು ಯಲಬುರ್ಗಾದ ಗೃಹಿಣಿಯೂ ಮನೆಯಲ್ಲಿಯೇ ಕುಳಿತು, ಲೂಧಿಯಾನದಂಥ ದೂರದ ಊರಿನ ನೂಲನ್ನು ತರಿಸಿಕೊಳ್ಳಬಲ್ಲಳು. ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಅಂಗಡಿಯಲ್ಲಿ ಬೆರಳಿಗೆ ತಿಳಿಯುತ್ತಿದ್ದ ಸಂಗತಿಯನ್ನು ಚಿತ್ರವು ತಿಳಿಸಲಾರದು. ಆದಕಾರಣ ಕೊಳ್ಳುವವರು ಮೂರು ಪ್ರಶ್ನೆಗಳನ್ನು ತಾವೇ ಕೇಳಿಕೊಳ್ಳಬೇಕು: ನೂಲು ಯಾವ ಪದಾರ್ಥದ್ದು? ಅದರ ತೂಕವೆಷ್ಟು? ಉದ್ದವೆಷ್ಟು? ಈ ಮೂರಕ್ಕೆ ಉತ್ತರ ದೊರೆಯುವ ತನಕ, ಬೆಲೆ ಅಗ್ಗವೋ ತುಟ್ಟಿಯೋ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಮೊದಲು ಪದಾರ್ಥದ ವಿಚಾರ. ನಮ್ಮ ಸೀಮೆಗೆ ಉಣ್ಣೆ ಹೊಸದಲ್ಲ. ದಖ್ಖನಿ ಕುರಿಯ ಕರಿಯ ಉಣ್ಣೆಯಿಂದ ಕುರುಬರು ನೇಯ್ದ ಕಂಬಳಿಯನ್ನು ಕಾಣದ ಹಳ್ಳಿ ಇಲ್ಲಿಲ್ಲ. ಆದರೆ ಆ ಉಣ್ಣೆ ಒರಟು. ಎಳೆಯ ದಪ್ಪ ಮಿಲಿಮೀಟರಿನ ಸಾವಿರದ 30 ಭಾಗಗಳನ್ನು ಮೀರಿದರೆ ಅದು ಚರ್ಮಕ್ಕೆ ಚುಚ್ಚತೊಡಗುತ್ತದೆ. ನಯವಾದ ಮೆರಿನೊ ಉಣ್ಣೆಯ ಎಳೆ ಸುಮಾರು 20 ಭಾಗ ಮಾತ್ರ. ನಮ್ಮ ಕಂಬಳಿಯ ಎಳೆ ಅದರ ಎರಡು ಪಟ್ಟಿಗೂ ಮಿಕ್ಕಿ ದಪ್ಪ. ಗಂಗಾವತಿಯ ಕಡೆಯ ಕೆಂಗುರಿಯಂತೂ ಮಾಂಸಕ್ಕಾಗಿಯೇ ಸಾಕುವ ತಳಿ. ಆದುದರಿಂದ ಕೂಸಿನ ಮೈಗೆ ಒಗ್ಗುವ ಉಣ್ಣೆಯ ನೂಲು ನಮಗೆ ಹೊರಗಿನಿಂದಲೇ ಬರಬೇಕು. ಅದರ ಬೆಲೆ ಕೃತಕ ನೂಲಿನ ಬೆಲೆಯ ಹಲವು ಪಟ್ಟು. ‘ಶುದ್ಧ ಉಣ್ಣೆ’ ಎಂಬ ಮಾತಿನ ಪಕ್ಕದಲ್ಲಿ ಕೃತಕ ನೂಲಿನ ಬೆಲೆ ಕಂಡರೆ, ಅಲ್ಲಿಯೇ ಸಂದೇಹ ಹುಟ್ಟತಕ್ಕದ್ದು.

ಆ ಕೃತಕ ನೂಲು ಬಹುಮಟ್ಟಿಗೆ ಅಕ್ರಿಲಿಕ್. ಅಮೆರಿಕದ ಡುಪಾಂಟ್ ಸಂಸ್ಥೆ ಇದನ್ನು 1950ರಲ್ಲಿ ‘ಆರ್ಲಾನ್’ ಎಂಬ ಹೆಸರಿನಿಂದ ವಾಣಿಜ್ಯ ಪ್ರಮಾಣದಲ್ಲಿ ತಯಾರಿಸತೊಡಗಿತು. ಪೆಟ್ರೋಲಿಯಮ್ಮಿನಿಂದ ದೊರೆಯುವ ಪ್ರೊಪಿಲೀನ್ ಮತ್ತು ಅಮೋನಿಯಗಳಿಂದ ಅಕ್ರಿಲೊನೈಟ್ರೈಲ್ ಎಂಬ ದ್ರವ ಸಿದ್ಧವಾಗುತ್ತದೆ. ಅದರ ಅಣುಗಳನ್ನು ಸರಪಳಿಯ ಕೊಂಡಿಗಳಂತೆ ಜೋಡಿಸಿ, ದ್ರಾವಣ ಮಾಡಿ, ಸಣ್ಣ ರಂಧ್ರಗಳ ಮೂಲಕ ಎಳೆಯಾಗಿ ಹೊರದೂಡುತ್ತಾರೆ. ಅಂದರೆ ಇದು ನೂಲಿನ ರೂಪವನ್ನು ತಾಳಿದ ಪ್ಲಾಸ್ಟಿಕ್.

ಪ್ಲಾಸ್ಟಿಕ್ ಎಂದೊಡನೆ ಹಳಿಯುವುದು ನ್ಯಾಯವಲ್ಲ. ಬೆಚ್ಚನೆಯ ಬಟ್ಟೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ತಡೆಯುವ ಕೆಲಸವನ್ನು ಮಾಡುವುದು ಎಳೆಗಳ ನಡುವೆ ಸಿಕ್ಕಿಕೊಂಡು ನಿಶ್ಚಲವಾಗಿ ನಿಂತ ಗಾಳಿ. ಗಾಳಿಯ ಉಷ್ಣವಾಹಕತ್ವ ಎಳೆಗಳ ಉಷ್ಣವಾಹಕತ್ವಕ್ಕಿಂತ ಬಹಳ ಕಡಿಮೆ. ಉಣ್ಣೆಯ ಎಳೆಗೆ ಹುಟ್ಟಿನಿಂದಲೇ ಸುರುಳಿಯುಂಟು; ಅಕ್ರಿಲಿಕ್ ಎಳೆಗೆ ಕಾರ್ಖಾನೆಯಲ್ಲಿ ಸುರುಳಿ ಕೊಡುತ್ತಾರೆ. ಎರಡೂ ಗಾಳಿಯನ್ನು ಹಿಡಿದಿಡುತ್ತವೆ. ಅಕ್ರಿಲಿಕ್ ಹಗುರ, ನುಸಿ ತಿನ್ನುವುದಿಲ್ಲ, ಒಗೆದರೆ ಬೇಗನೆ ಒಣಗುತ್ತದೆ. ದೊಡ್ಡ ಮಕ್ಕಳ ಸ್ವೆಟರಿಗೂ ಬಾಗಿಲ ತೋರಣಕ್ಕೂ ಅದು ಧಾರಾಳವಾಗಿ ಸಾಲುತ್ತದೆ.

ಹಾಗಾದರೆ ಹೆಸರಿನ ಗೋಜು ಏತಕ್ಕೆ? ಬೆಂಕಿಯ ಬಳಿ ಈ ಎರಡು ವಸ್ತುಗಳ ನಡತೆ ಪೂರ್ಣವಾಗಿ ಬೇರೆಯಾಗಿರುವುದೇ ಕಾರಣ. ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುವುದೂ, ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಡುವುದೂ ನಮ್ಮ ಕಡೆ ಇನ್ನೂ ನಿಂತಿಲ್ಲ. ಆ ಹೊತ್ತಿನಲ್ಲಿ ಕೂಸಿನ ತಲೆಯ ಮೇಲೆ ಇರುವುದೇ ಈ ಕುಂಚಿಗೆ. ಉಣ್ಣೆ ಚೆನ್ನಾಗಿ ಉರಿಯಬೇಕಾದರೆ ಗಾಳಿಯಲ್ಲಿ ಶೇಕಡಾ 25ರಷ್ಟು ಆಮ್ಲಜನಕವಿರಬೇಕು. ನಮ್ಮ ಗಾಳಿಯಲ್ಲಿ ಇರುವುದು ಶೇಕಡಾ 21 ಮಾತ್ರ. ಆದುದರಿಂದ ಕಿಡಿ ತಗುಲಿದ ಉಣ್ಣೆ ಕರಿಕಾಗಿ ತಾನೇ ಆರುವುದೇ ಹೆಚ್ಚು. ಅಕ್ರಿಲಿಕ್ಕಿಗೆ ಶೇಕಡಾ 18ರಷ್ಟು ಆಮ್ಲಜನಕ ಸಾಕು. ಅದು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಮೆತ್ತಗಾಗತೊಡಗುತ್ತದೆ. ಹೊತ್ತಿದರೆ ಭರದಿಂದ ಉರಿದು, ಕರಗಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ‘ಉಲ್ಲನ್’ ಎಂಬ ಹೆಸರನ್ನು ನಂಬಿದ ತಾಯಿ, ಉಣ್ಣೆಯ ರಕ್ಷಣೆಯೂ ಅದರಲ್ಲಿ ಇದೆಯೆಂದು ಬಗೆಯುವಳು. ಅದು ಅದರಲ್ಲಿಲ್ಲ. ಹತ್ತಿಯೂ ಬೇಗ ಹೊತ್ತುವ ವಸ್ತುವೇ. ಆದರೆ ಕರಗಿ ಅಂಟುವುದಿಲ್ಲ. ಯಾವ ಬಟ್ಟೆಯೇ ಇರಲಿ, ಕೂಸನ್ನು ಕೆಂಡದಿಂದ ದೂರವಿಡುವುದೇ ಲೇಸು. ಅಕ್ರಿಲಿಕ್ ಕುಂಚಿಗೆಯಾದರೆ ಅದನ್ನು ತೆಗೆದಿಡದೆ ಬೆಂಕಿಯ ಬಳಿ ಹೋಗಲೇಬಾರದು.

ಇನ್ನು ತೂಕ ಮತ್ತು ಉದ್ದ. ಈ ವಿಷಯದಲ್ಲಿ ನಮ್ಮ ನೆರೆಯ ನೇಕಾರರೇ ನಮಗೆ ಗುರುಗಳು. ಕೊಪ್ಪಳದ ಭಾಗ್ಯನಗರದಲ್ಲಾಗಲಿ, ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲಾಗಲಿ, ಹತ್ತಿರದ ಇಳಕಲ್ಲಿನಲ್ಲಾಗಲಿ ನೇಕಾರನು ನೂಲನ್ನು ಬರಿಯ ನೋಟದಿಂದ ಕೊಳ್ಳುವುದಿಲ್ಲ. ನೂಲಿನ ‘ನಂಬರು’ ಎಷ್ಟೆಂದು ಕೇಳುತ್ತಾನೆ. ಹತ್ತಿಯ ನೂಲಿನಲ್ಲಿ 840 ಗಜಕ್ಕೆ ಒಂದು ಲಡಿ. ಒಂದು ಪೌಂಡಿನಲ್ಲಿ ಅಂಥ ಲಡಿಗಳೆಷ್ಟೋ ಅಷ್ಟೇ ಆ ನೂಲಿನ ನಂಬರು. 40 ನಂಬರಿನ ನೂಲೆಂದರೆ ಪೌಂಡಿಗೆ 33,600 ಗಜ. ಹೀಗೆ ಒಂದೇ ಸಂಖ್ಯೆ ತೂಕಕ್ಕೂ ಉದ್ದಕ್ಕೂ ಇರುವ ಸಂಬಂಧವನ್ನು ತಿಳಿಸುತ್ತದೆ. ವಿಜ್ಞಾನದಲ್ಲಿ ಇಂದು ‘ಟೆಕ್ಸ್’ ಎಂಬ ಮಾನವಿದೆ: 1,000 ಮೀಟರು ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಟೆಕ್ಸ್.

ಸೋವಿ ಪೇಟೆಯಲ್ಲಿ ನೂಲನ್ನು ಹಲವೊಮ್ಮೆ ಉಂಡೆಗಳ ಲೆಕ್ಕದಲ್ಲಿ ಮಾರುತ್ತಾರೆ. ಉಂಡೆಯಾದರೋ ಅಳತೆಯ ಮಾನವಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 12 ಉಂಡೆಗಳ ಕಟ್ಟು 240 ರೂಪಾಯಿ; 6 ಉಂಡೆಗಳ ಕಟ್ಟು 270 ರೂಪಾಯಿ. ಮೊದಲನೆಯದೇ ಅಗ್ಗವೆಂದು ಕಣ್ಣು ಹೇಳುತ್ತದೆ. ಆದರೆ ಮೊದಲನೆಯದರ ಉಂಡೆ 20 ಗ್ರಾಂ, ಎರಡನೆಯದರ ಉಂಡೆ 50 ಗ್ರಾಂ ಆಗಿದ್ದರೆ, ಅಲ್ಲಿ 240 ಗ್ರಾಂ, ಇಲ್ಲಿ 300 ಗ್ರಾಂ. ಗ್ರಾಮಿಗೆ ಅಲ್ಲಿ 1 ರೂಪಾಯಿ, ಇಲ್ಲಿ 90 ಪೈಸೆ. ಇದಾದ ಮೇಲೆ ಉದ್ದವನ್ನು ನೋಡಬೇಕು. ಒಂದೇ ತೂಕದ ಉಂಡೆಗಳಲ್ಲಿ ದಪ್ಪ ನೂಲು ಕಡಿಮೆ ಉದ್ದವಿರುತ್ತದೆ, ಸಣ್ಣ ನೂಲು ಹೆಚ್ಚು ಉದ್ದವಿರುತ್ತದೆ. ಆದಕಾರಣ ಒಂದೇ ದಪ್ಪದ ನೂಲುಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಬೇಕು. ಕಡ್ಡಿಯ ನಂಬರು ಒಂದೇ ಆಗಿದ್ದರೆ ನೂಲಿನ ದಪ್ಪವೂ ಹೆಚ್ಚುಕಡಿಮೆ ಒಂದೇ ಎಂದು ತಿಳಿಯಬಹುದು.

ಉಣ್ಣೆಯ ತೂಕದಲ್ಲಿ ಇನ್ನೊಂದು ವಿಚಿತ್ರವುಂಟು: ಅದರೊಳಗಿನ ನೀರು. ಪೂರ್ತಿ ಒಣಗಿಸಿದ 100 ಗ್ರಾಂ ಉಣ್ಣೆ ಸಾಧಾರಣ ತೇವದ ಗಾಳಿಯಿಂದ ಸುಮಾರು 16 ಗ್ರಾಂ ನೀರನ್ನು ಹೀರಿಕೊಂಡೂ ಒಣಗಿದಂತೆಯೇ ಕಾಣುತ್ತದೆ. ಹತ್ತಿ ಸುಮಾರು 8 ಗ್ರಾಂ, ಅಕ್ರಿಲಿಕ್ 2 ಗ್ರಾಮಿಗಿಂತ ಹೆಚ್ಚಿಲ್ಲ. ಈ ನೀರನ್ನು ಉಣ್ಣೆಯ ಬೆಲೆಗೆ ಮಾರುವವರನ್ನು ತಡೆಯಲೆಂದೇ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ 1891ರಲ್ಲಿ ಉಣ್ಣೆಯ ತೇವವನ್ನು ಅಳೆಯುವ ಸಾರ್ವಜನಿಕ ಸಂಸ್ಥೆಯೊಂದು ಆರಂಭವಾಯಿತು. ನೂಲಿನ ವ್ಯಾಪಾರದಲ್ಲಿ ಅಳತೆಯ ಜಗಳ ಇಂದಿನದಲ್ಲ.

ಬಣ್ಣದ ಬಗ್ಗೆಯೂ ಎರಡು ಮಾತು. ಫೋನಿನ ಪರದೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಬೆರೆಸಿ ಬಣ್ಣದ ಭ್ರಮೆಯನ್ನು ಉಂಟುಮಾಡುತ್ತದೆ. ನೂಲಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ಭಾಗವನ್ನು ನುಂಗಿ ಉಳಿದುದನ್ನು ಹಿಂದಿರುಗಿಸುತ್ತದೆ. ಹಗಲಿನ ಬೆಳಕಿನಲ್ಲಿ ಒಂದಾಗಿ ಕಂಡ ಎರಡು ನೂಲುಗಳು ದೀಪದ ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಒಂದು ಸಲದ ಬಣ್ಣದ ತೊಟ್ಟಿಗೂ ಇನ್ನೊಂದು ಸಲದ ತೊಟ್ಟಿಗೂ ಛಾಯೆಯಲ್ಲಿ ಭೇದವಿರುತ್ತದೆ. ಆದಕಾರಣ ಒಂದು ಬಟ್ಟೆಗೆ ಬೇಕಾದ ನೂಲನ್ನೆಲ್ಲ ಒಂದೇ ಸಲ ತರಿಸುವುದು ಜಾಣತನ.

ಕಟ್ಟು ಮನೆಗೆ ಬಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಮನೆಯಲ್ಲಿಯೇ ಎರಡು ಪರೀಕ್ಷೆಗಳನ್ನು ಮಾಡಬಹುದು. ಮೊದಲನೆಯದು ಅಳತೆ. ಹಲಗೆಯೊಂದಕ್ಕೆ 50 ಸೆಂಟಿಮೀಟರು ಅಂತರದಲ್ಲಿ ಎರಡು ಮೊಳೆ ಹೊಡೆದು, ನೂಲನ್ನು ಜಗ್ಗದೆ 20 ಸುತ್ತು ಸುತ್ತಿದರೆ 20 ಮೀಟರು. ಅದನ್ನು ಬಿಚ್ಚಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿರಿ. ತೂಕ 10 ಗ್ರಾಂ ಬಂದರೆ 50 ಗ್ರಾಮಿನ ಉಂಡೆಯಲ್ಲಿ 100 ಮೀಟರು ಇದೆಯೆಂದಾಯಿತು. ಚೀಟಿಯಲ್ಲಿ ಬರೆದಿರುವ ಸಂಖ್ಯೆಯೊಡನೆ ಇದನ್ನು ಹೋಲಿಸಬಹುದು.

ಎರಡನೆಯದು ಅಗ್ನಿಪರೀಕ್ಷೆ. ಇದನ್ನು ದೊಡ್ಡವರೇ ಮಾಡಬೇಕು, ಮಕ್ಕಳು ದೂರವಿರಬೇಕು, ಕೆಳಗೆ ನೀರು ತುಂಬಿದ ತಟ್ಟೆಯಿರಬೇಕು, ಕಿಟಕಿ ತೆರೆದಿರಬೇಕು, ಹೊಗೆಯನ್ನು ಹತ್ತಿರದಿಂದ ಮೂಸಬಾರದು. ಬೆರಳುದ್ದದ ನೂಲನ್ನು ಚಿಮಟದಲ್ಲಿ ಹಿಡಿದು ಜ್ವಾಲೆಗೆ ತಗುಲಿಸಿ ಹಿಂದಕ್ಕೆ ತೆಗೆಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಏಕೆಂದರೆ ಕೂದಲೂ ಉಣ್ಣೆಯೂ ಕೆರಾಟಿನ್ ಎಂಬ ಒಂದೇ ಬಗೆಯ ಪ್ರೋಟೀನು; ಜ್ವಾಲೆ ತಾನಾಗಿ ಆರುತ್ತದೆ; ಉಳಿದ ಕರಿಕು ಬೆರಳಿನಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಅಕ್ರಿಲಿಕ್ ಆದರೆ ಕಪ್ಪು ಹೊಗೆಯೊಡನೆ ಭರದಿಂದ ಉರಿದು ಕರಗಿ, ಆರಿದ ಮೇಲೆ ಪುಡಿಯಾಗದ ಗಟ್ಟಿ ಗಂಟನ್ನು ಉಳಿಸುತ್ತದೆ. ಮಿಶ್ರ ನೂಲಿನಲ್ಲಿ ಈ ಲಕ್ಷಣಗಳು ಬೆರೆತಿರುತ್ತವೆ.

ಕಾನೂನೂ ಕೊಳ್ಳುವವರ ಕಡೆಗಿದೆ. ಪೊಟ್ಟಣದ ಸರಕುಗಳನ್ನು ಕುರಿತ 2011ರ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಅಂತರ್ಜಾಲದಲ್ಲಿ ಮಾರುವವರೂ ನಿವ್ವಳ ಪ್ರಮಾಣ, ಗರಿಷ್ಠ ಬೆಲೆ ಮೊದಲಾದ ವಿವರಗಳನ್ನು 1 ಜನವರಿ 2018ರಿಂದ ಪುಟದಲ್ಲಿಯೇ ತೋರಿಸಬೇಕಾಗಿದೆ. ಉಣ್ಣೆಯೆಂದು ಹೇಳಿ ಅಕ್ರಿಲಿಕ್ ಕಳುಹಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ತಿಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ.

ಅಗ್ಗದ ನೂಲನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬಡವರ ಮನೆಯ ಕೂಸಿಗೂ ಬಣ್ಣದ ಕುಂಚಿಗೆ ದೊರೆಯುವಂತಾದದ್ದು ಈ ಕೃತಕ ಎಳೆಯಿಂದಲೇ. ಅದನ್ನು ಅಕ್ರಿಲಿಕ್ ಎಂದೇ ಅರಿತು ಕೊಂಡು, ಅಕ್ರಿಲಿಕ್ಕಿಗೆ ತಕ್ಕಂತೆಯೇ ಬಳಸಿದರೆ ಹಣವೂ ಉಳಿಯುವುದು, ಕೂಸೂ ಕ್ಷೇಮವಾಗಿರುವುದು.