ವಾಲ್ವ್ ಕೆಂಪಾದರೆ ತಪ್ಪು ವಾಲ್ವಿನದೇ?



ಊರಿನ ಮನೆಯಲ್ಲಿ ಹಿಂದೆ ದೊಡ್ಡ ರೇಡಿಯೋ ಇದ್ದವರಿಗೆ ನೆನಪಿರಬಹುದು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಬಿಸಿಯಾದ ಮೇಲೆಯೇ ವಾರ್ತೆ, ಹಾಡು. ರೇಡಿಯೋ ವಾಲ್ವನ್ನು ಬಿಟ್ಟು ಎಷ್ಟೋ ಕಾಲವಾಯಿತು. ಗಿಟಾರ್ ನುಡಿಸುವವರು ಮಾತ್ರ ಇನ್ನೂ ಬಿಟ್ಟಿಲ್ಲ. ನಾವಿರುವ ಈ ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಹೆಸರಾದ ವಾಕ್ಸ್ ಎಸಿ30 ಆಂಪ್ಲಿಫೈಯರಿನಲ್ಲಿ ದುಡಿಯುವುದು ನಾಲ್ಕು ಇಎಲ್84 ವಾಲ್ವುಗಳು. ಅದೇ ಇಎಲ್84 ಆ ಕಾಲದ ಎಷ್ಟೋ ರೇಡಿಯೋಗಳಲ್ಲೂ ಇತ್ತು.

ಯುಗಾದಿ ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಸ್ನೇಹಿತರೊಬ್ಬರ ಮಗ ತನ್ನ ಆಂಪ್ ಹೊತ್ತು ತಂದ. ಎರಡು ಇಎಲ್84 ಇರುವ, 15 ವ್ಯಾಟಿನ ಹಳೆಯ ಪೆಟ್ಟಿಗೆ. "ಅಂಕಲ್, ಹೊಸ ವಾಲ್ವ್ ಹಾಕಿದೆ. ಒಂದು ವಾರ ಚೆನ್ನಾಗಿತ್ತು. ಈಗ ಮತ್ತೆ ಗುಂಯ್ ಅಂತಿದೆ, ಹತ್ತು ನಿಮಿಷಕ್ಕೆಲ್ಲ ಧ್ವನಿ ಒಡೆಯುತ್ತೆ" ಎಂದ. ಇನ್ನೊಂದು ಜೋಡಿ ಕೊಳ್ಳಲು ಹೊರಟಿದ್ದ. ಜೊತೆಗೆ, ಹಿಂಬದಿ ಬಿಚ್ಚಿ ಸ್ಕ್ರೂಡ್ರೈವರ್ ಹಾಕಿ ನೋಡಿದೆ ಎಂದೂ ಹೇಳಿದ. ನನ್ನ ಎದೆ ಝಲ್ಲೆಂದಿತು.

ಯಾಕೆಂದರೆ ಈ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮಾತ್ರಕ್ಕೆ ಅದು ಹೋಗುವುದಿಲ್ಲ. ಫಿಲ್ಟರ್ ಕೆಪಾಸಿಟರುಗಳಲ್ಲಿ ಉಳಿದುಕೊಂಡು ಕೈ ಹಾಕಿದವರ ಜೀವವನ್ನೇ ತೆಗೆಯಬಹುದು. ಪ್ಲಗ್ ಕಿತ್ತ ಮೇಲೆ 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪಿಗೆ ಸೇರಿಸಿ ಆ ಚಾರ್ಜನ್ನು ಇಳಿಸಬೇಕು, ಮೀಟರ್ ಇಟ್ಟು ಸೊನ್ನೆಗೆ ಬಂದಿದೆಯೇ ನೋಡಬೇಕು. ಈ ಕೆಲಸ ರೂಢಿಯಿಲ್ಲದವರು ಪೆಟ್ಟಿಗೆ ಬಿಚ್ಚದೆ ರಿಪೇರಿಯವರಿಗೆ ಕೊಡಲಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಲೂಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಬಿಚ್ಚದೆಯೂ ತಿಳಿಯಬಹುದಾದದ್ದು ಬಹಳವಿದೆ. ಮೊದಲು ಕಿವಿ. ಗಿಟಾರಿನ ಅತ್ಯಂತ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ನುಡಿಸಿದರೆ ಬರುವ ಸ್ವರ 98 ಹರ್ಟ್ಸ್. ಇಲ್ಲಿನ ಕರೆಂಟು 50 ಹರ್ಟ್ಸ್. ರೆಕ್ಟಿಫೈಯರ್ ದಾಟಿದ ಮೇಲೆ ಅದರ ಏರಿಳಿತ 100 ಹರ್ಟ್ಸ್ ಆಗುತ್ತದೆ. ಗುಂಯ್ ಸದ್ದು ಆ ಸ್ವರಕ್ಕೆ ಹತ್ತಿರವಿದ್ದರೆ ಅನುಮಾನ ಪವರ್ ಸಪ್ಲೈ ಕಡೆಗೆ. ಒಂದು ಸ್ಥಾಯಿ ಕೆಳಗಿದ್ದರೆ ಹೀಟರ್ ವೈರಿಂಗ್, ಅರ್ತಿಂಗ್ ಅಥವಾ ಗಿಟಾರಿನ ಪಿಕಪ್. ಹುಡುಗನ ಆಂಪಿನದು ಮೂರನೇ ಫ್ರೆಟ್ಟಿನ ಸದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅದು ಕಡಿಮೆಯಾಗಲಿಲ್ಲ. ಅಂದರೆ ದೋಷ ವಾಲ್ಯೂಮ್ ಗುಂಡಿಯ ಆಚೆಗಿದೆ.

ಆಮೇಲೆ ಕಣ್ಣು. ಕೋಣೆಯ ದೀಪ ಆರಿಸಿ ಕಾದೆವು. ವಾಲ್ವಿನ ನಡುವೆ ಹೀಟರ್ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸಹಜ. ಆದರೆ ಒಂದು ವಾಲ್ವಿನ ಹೊರಗಿನ ಬೂದು ತಗಡು, ಅಂದರೆ ಆನೋಡ್, ನಿಗಿನಿಗಿ ಕೆಂಪಾಗುತ್ತಿತ್ತು. ಇಎಲ್84ರ ಆನೋಡ್ ತಾಳುವುದು 12 ವ್ಯಾಟ್; ಇದು ಅದನ್ನು ಮೀರಿತ್ತು. ಎರಡೂ ವಾಲ್ವು ಸಮವಾಗಿ ಕರೆಂಟ್ ಎಳೆದರೆ ಸಪ್ಲೈಯ ಏರಿಳಿತ ಟ್ರಾನ್ಸ್‌ಫಾರ್ಮರಿನಲ್ಲಿ ಒಂದಕ್ಕೊಂದು ವಜಾ ಆಗುತ್ತದೆ. ಒಂದೇ ಹೆಚ್ಚು ಎಳೆದರೆ ಗುಂಯ್.

ಹುಡುಗ "ಹಾಗಾದರೆ ಆ ವಾಲ್ವೇ ಕೆಟ್ಟಿದೆ" ಎಂದ. ಆರಿಸಿ, ತಣ್ಣಗಾದ ಮೇಲೆ ಎರಡನ್ನೂ ಅದಲುಬದಲು ಮಾಡಿಸಿದೆ. ಕೆಂಪು ವಾಲ್ವಿನ ಜೊತೆ ಹೋಗಲಿಲ್ಲ, ಅದೇ ಸಾಕೆಟ್ಟಿನಲ್ಲಿ ಉಳಿಯಿತು! ಪಾಪ, ಅವನ ದುಡ್ಡು ದಂಡವಾದದ್ದು ಇಲ್ಲೇ.

ವಾಲ್ವಿನ ಗ್ರಿಡ್ ನಲ್ಲಿಯ ತಿರುಪಿನಂತೆ: ಕ್ಯಾಥೋಡಿಗಿಂತ ಕೆಲವು ವೋಲ್ಟ್ ಋಣದಲ್ಲಿದ್ದು ಕರೆಂಟನ್ನು ಹತೋಟಿಯಲ್ಲಿಡುತ್ತದೆ. ಈ ಆಂಪಿನಲ್ಲಿ ಕ್ಯಾಥೋಡ್ ಸುಮಾರು 11 ವೋಲ್ಟ್, ಗ್ರಿಡ್ ಸೊನ್ನೆ ಇರಬೇಕು. ಒಂದು ಕೈಯನ್ನು ಜೇಬಿನಲ್ಲಿಟ್ಟು ಮೀಟರ್ ಹಿಡಿದೆ. ಗ್ರಿಡ್ಡಿನಲ್ಲಿ 14 ವೋಲ್ಟ್. ವಾಲ್ವು ಕಿತ್ತು ಮತ್ತೆ ಅಳೆದಾಗಲೂ ವೋಲ್ಟೇಜ್ ಅಲ್ಲೇ ಇತ್ತು. ವಾಲ್ವಿನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಸಿಕ್ಕಿದ್ದು ಕಪ್ಲಿಂಗ್ ಕೆಪಾಸಿಟರ್. ಹಿಂದಿನ ವಾಲ್ವಿನ ಆನೋಡಿನಿಂದ ಸಂಗೀತವನ್ನು ಬಿಟ್ಟು ಡಿಸಿಯನ್ನು ತಡೆಯುವುದು ಅದರ ಕೆಲಸ. ವಯಸ್ಸಾಗಿ ಡಿಸಿಯನ್ನೂ ಚೂರುಚೂರು ಸೋರಲು ಬಿಟ್ಟಿತ್ತು. 0.1 ಮೈಕ್ರೋಫ್ಯಾರಡ್, 630 ವೋಲ್ಟ್. ಒಂದು ಪೌಂಡೂ ಆಗದ ಬಿಡಿಭಾಗ. ಪಕ್ಕದ ಸಾಕೆಟ್ಟಿನದೂ ಅದೇ ವಯಸ್ಸಿನದಾದ್ದರಿಂದ ಎರಡನ್ನೂ ಬದಲಿಸಿ ಬೆಸುಗೆ ಹಾಕಿದೆವು. ಮೊದಲ ಸಲ ನೇರ ಪ್ಲಗ್ಗಿಗೆ ಹಾಕದೆ, ಸರಣಿಯಲ್ಲಿ 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಸೇರಿಸಿದೆ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ಆಂಪನ್ನು ಉಳಿಸುತ್ತದೆ. ಎಲ್‌ಇಡಿಯಿಂದ ಇದು ಆಗದು. ಹಾಗಾಗಿ ಹಳೆಯ ಬಲ್ಬ್ ಸಿಕ್ಕರೆ ನಾನು ಬಿಸಾಡುವುದಿಲ್ಲ, ಮನೆಯಾಕೆ ಏನೇ ಅಂದರೂ. ಬಲ್ಬ್ ಮಂಕಾಯಿತು. ಆಮೇಲೆ ನೇರ ಕರೆಂಟಿನಲ್ಲಿ ಅಳೆದರೆ ಗ್ರಿಡ್ ಸೊನ್ನೆ, ಕ್ಯಾಥೋಡ್ 11. ಕೆಟ್ಟಿದೆ ಎಂದು ಡ್ರಾಯರಿಗೆ ಸೇರಿದ್ದ ಹಳೆಯ ಜೋಡಿಯನ್ನೂ ಹಾಕಿ ನೋಡಿದೆವು. ಚೆನ್ನಾಗಿಯೇ ಇತ್ತು.

ಯುಗಾದಿಯ ದಿನ ಸಭಾಂಗಣದಲ್ಲಿ ಮತ್ತೆ ಗುಂಯ್. ಹುಡುಗ ನನ್ನ ಕಡೆ ನೋಡಿದ, ಮೂರನೇ ಫ್ರೆಟ್ ಒತ್ತಿ ಕೇಳಿಸಿಕೊಂಡ. ಸದ್ದು ಒಂದು ಸ್ಥಾಯಿ ಕೆಳಗಿತ್ತು. ಆಂಪಿನಿಂದ ನಾಲ್ಕು ಹೆಜ್ಜೆ ದೂರ ಸರಿದು ಗಿಟಾರನ್ನು ಓರೆ ತಿರುಗಿಸಿದ. ಗುಂಯ್ ಅಡಗಿತು.