ಕಡಲ ತೀರಕ್ಕೆ ಹೋಗಲು ಅನುದಾನ ಏಕೆ ಬೇಕು?



ವಿದ್ಯಾರ್ಥಿವೇತನ ಎಂದಾಗ ನಮ್ಮೆಲ್ಲರಿಗೂ ನೆನಪಾಗುವುದು ಶುಲ್ಕ, ಪುಸ್ತಕ ಮತ್ತು ಹಾಸ್ಟೆಲ್ ಖರ್ಚು. ಆ ಸಾಲಿನಲ್ಲಿ ‘ಕಡಲ ತೀರಕ್ಕೆ ಪ್ರವಾಸ’ ಎಂದು ಬರೆದರೆ, ‘ಬಡ ಮಕ್ಕಳಿಗೆಂದು ಕೊಟ್ಟ ಹಣದಲ್ಲಿ ಮೋಜು ಮಾಡುವುದೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಇಂಥ ಪ್ರವಾಸಗಳಿಗೆಂದೇ ವರ್ಷಗಳಿಂದ ಅನುದಾನ ಕೊಡುತ್ತಿದೆ. ಅಲ್ಲಿನ ವ್ಯವಸ್ಥೆ ಹೇಗಿದೆ, ಅದರಿಂದ ನಾವು ತಿಳಿಯಬೇಕಾದದ್ದೇನು ಎಂಬುದನ್ನು ಈ ವರದಿಯಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ಹಕ್ಕು ಇದ್ದರೂ ದಾರಿ ಇಲ್ಲ

ಕ್ಯಾಲಿಫೋರ್ನಿಯಾದ ಕರಾವಳಿ ಸುಮಾರು 1,770 ಕಿಲೋಮೀಟರ್ ಉದ್ದವಿದೆ. ಅದನ್ನು ಕಾಪಾಡಬೇಕೆಂದು 1972ರಲ್ಲಿ ಅಲ್ಲಿನ ಮತದಾರರೇ ತೀರ್ಪು ಕೊಟ್ಟರು. 1976ರಲ್ಲಿ ಕರಾವಳಿ ಕಾಯ್ದೆ ಬಂತು. ಕರಾವಳಿಯನ್ನು ಉಳಿಸುವುದರ ಜೊತೆಗೆ ಜನರೆಲ್ಲರಿಗೂ ಅಲ್ಲಿಗೆ ಹೋಗುವ ಅವಕಾಶ ಇರಬೇಕೆಂಬುದು ಆ ಕಾಯ್ದೆಯ ಆಶಯ. ಉಬ್ಬರದ ನೀರು ತಲುಪುವ ಒದ್ದೆ ಮರಳು ಸಾಮಾನ್ಯವಾಗಿ ಸಾರ್ವಜನಿಕರ ಸ್ವತ್ತು. ಅದರ ಮೇಲೆ ನಡೆಯಲು ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಆದರೆ ಕಾಗದದ ಮೇಲಿನ ಹಕ್ಕು ಎಲ್ಲರ ಪಾಲಿಗೆ ಒಂದೇ ಆಗಿರಲಿಲ್ಲ. ಲಾಸ್ ಏಂಜಲಿಸ್ ಸಮೀಪದ ಮ್ಯಾನ್‌ಹಟನ್ ಬೀಚ್ ಎಂಬಲ್ಲಿ 1912ರಲ್ಲಿ ವಿಲ್ಲಾ ಬ್ರೂಸ್ ಎಂಬ ಕಪ್ಪು ಮಹಿಳೆ ಜಾಗ ಕೊಂಡರು. ಅವರೂ ಪತಿ ಚಾರ್ಲ್ಸ್ ಬ್ರೂಸ್ ಅವರೂ ಅಲ್ಲಿ ನಡೆಸಿದ ವಿಹಾರಧಾಮಕ್ಕೆ, ಬೇರೆಡೆ ಸ್ವಾಗತವಿಲ್ಲದ ಕಪ್ಪು ಕುಟುಂಬಗಳು ಬರುತ್ತಿದ್ದವು. 1924ರಲ್ಲಿ ನಗರಾಡಳಿತವು ಉದ್ಯಾನದ ನೆಪ ಹೇಳಿ ಆ ಜಾಗವನ್ನು ಸ್ವಾಧೀನಪಡಿಸಿಕೊಳ್ಳಲು ಮುಂದಾಯಿತು. ಕುಟುಂಬ ಅದನ್ನು ಕಳೆದುಕೊಂಡಿತು. 2022ರಲ್ಲಿ ಭೂಮಿಯನ್ನು ಅವರ ವಂಶಜರಿಗೆ ಹಿಂದಿರುಗಿಸಲಾಯಿತು. ಅಷ್ಟರಲ್ಲಿ ಸುಮಾರು ಒಂದು ಶತಮಾನ ಕಳೆದಿತ್ತು.

ಇಂದು ಅಂಥ ಬಹಿರಂಗ ತಡೆ ಇಲ್ಲ. ಉಳಿದಿರುವುದು ಸದ್ದಿಲ್ಲದ ತಡೆಗಳು. ರಾಜ್ಯದ ಒಳನಾಡಿನ ಕೃಷಿ ಕಣಿವೆಯಲ್ಲಿ ಹೊಲಗಳಲ್ಲಿ ದುಡಿಯುವವರ ಮಕ್ಕಳಿಗೆ ಕಡಲು ಕೆಲವೇ ಗಂಟೆಗಳ ದಾರಿ. ಆದರೂ ಅದನ್ನು ಕಾಣದೆ ಬೆಳೆಯುವ ಮಕ್ಕಳಿದ್ದಾರೆ. ವಾಹನ, ಪಾರ್ಕಿಂಗ್, ಊಟ ಮತ್ತು ತಪ್ಪಿದ ಒಂದು ದಿನದ ಕೂಲಿ ಎಲ್ಲ ಸೇರಿದರೆ ‘ಉಚಿತ’ ಕಡಲು ದುಬಾರಿಯಾಗುತ್ತದೆ.

ಹಣ ಎಲ್ಲಿಂದ, ಯಾವುದಕ್ಕೆ?

ಈ ಅಂತರ ತುಂಬಲು ಅಲ್ಲಿ ಮುಖ್ಯವಾಗಿ ಎರಡು ಅನುದಾನ ಯೋಜನೆಗಳಿವೆ. ಒಂದು, ರಾಜ್ಯ ಕರಾವಳಿ ಸಂರಕ್ಷಣಾ ಸಂಸ್ಥೆ 2013ರಿಂದ ನಡೆಸುತ್ತಿರುವ ‘ಎಕ್ಸ್‌ಪ್ಲೋರ್ ದಿ ಕೋಸ್ಟ್’. ಇನ್ನೊಂದು, ಕರಾವಳಿ ಆಯೋಗ 1998ರಿಂದ ಕೊಡುತ್ತಿರುವ ‘ವೇಲ್ ಟೇಲ್’ ಅನುದಾನ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಅರ್ಜಿ ಹಾಕಬಹುದು. ಹಲವು ಸುತ್ತುಗಳಲ್ಲಿ ಒಂದು ಅರ್ಜಿಗೆ ಗರಿಷ್ಠ 50,000 ಡಾಲರ್ ಎಂಬ ಮಿತಿ ಇತ್ತು.

ವೇಲ್ ಟೇಲ್ ನಿಧಿ ಕೂಡುವ ರೀತಿಯನ್ನು ದಾನಿಗಳು ಗಮನಿಸಬೇಕು. ತಿಮಿಂಗಿಲದ ಬಾಲದ ಚಿತ್ರವಿರುವ ವಾಹನದ ನಂಬರ್ ಪ್ಲೇಟನ್ನು ಬಯಸುವವರು ಹೆಚ್ಚುವರಿ ಶುಲ್ಕ ಕೊಟ್ಟು ಪಡೆಯುತ್ತಾರೆ. ಅದರ ಒಂದು ಪಾಲು ಈ ನಿಧಿಗೆ ಸೇರುತ್ತದೆ. ರಾಜ್ಯ ಆದಾಯ ತೆರಿಗೆಯ ನಮೂನೆಯಲ್ಲಿಯೂ ಕರಾವಳಿ ಮತ್ತು ಸಾಗರ ರಕ್ಷಣೆಗೆಂದು ಇಚ್ಛಿಸಿದಷ್ಟು ಕೊಡುವ ಕಲಂ ಇದೆ. ದೊಡ್ಡ ದಾನಿ ಒಬ್ಬರೂ ಇಲ್ಲದಿದ್ದರೂ ಸಾವಿರಾರು ಸಣ್ಣ ಮೊತ್ತಗಳಿಂದ ನಿಧಿ ತುಂಬುತ್ತದೆ.

ಇಂಥ ಹಣ ಕಟ್ಟಡಕ್ಕಿಂತ ಹೆಚ್ಚಾಗಿ ಜನರನ್ನು ಕಡಲಿಗೆ ತಲುಪಿಸುವ ಕೆಲಸಕ್ಕೆ ಹೋಗುತ್ತದೆ. ಬಸ್ ಬಾಡಿಗೆ, ಊಟ, ಕಲಿಸುವವರ ಸಂಬಳ, ಮಕ್ಕಳ ಮನೆಭಾಷೆಯಲ್ಲಿ ವಿವರಿಸುವವರು, ನೀರಿಗಿಳಿಯಲು ಬೇಕಾದ ಉಡುಪು ಮತ್ತು ಸಲಕರಣೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಅಲ್ಲಿನ ಹಲವು ಬೀಚ್‌ಗಳಲ್ಲಿ ಮರಳಿನಲ್ಲಿ ಹೂತುಹೋಗದ ದಪ್ಪ ಟೈರುಗಳ ಗಾಲಿಕುರ್ಚಿಗಳನ್ನು ಉಚಿತವಾಗಿ ಎರವಲು ಕೊಡುತ್ತಾರೆ. ನಡೆಯಲಾಗದವರೂ ಅಲೆಯ ಅಂಚಿನವರೆಗೆ ಹೋಗಬಲ್ಲರು.

ನಮ್ಮ ಕರಾವಳಿಯ ಮಾತು

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಪಡುಬಿದ್ರಿ ಮತ್ತು ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಮುಂತಾದ ಅಂಶಗಳನ್ನು ನೋಡಿ ಕೊಡುವ ಮಾನ್ಯತೆ ಅದು. ಸೌಕರ್ಯ ಬಂದಿದೆ. ಆದರೆ ಬೀದರ್, ರಾಯಚೂರು, ಕೋಲಾರದ ಮಗುವಿಗೆ ಕಡಲು ಇಂದಿಗೂ ದೂರವೇ. ಶಾಲೆಯ ಒಂದು ಪ್ರವಾಸ ತಪ್ಪಿದರೆ ಅದು ಚಿತ್ರದಲ್ಲಿಯೇ ಉಳಿಯುತ್ತದೆ.

ದೂರದಿಂದ ಬಂದ ಮಗುವಿಗೆ ಕಡಲಿನ ಗುಣವೂ ಗೊತ್ತಿರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಆ ಮನೆಗಳ ದುಃಖದ ಮುಂದೆ ನಮ್ಮ ಯಾವ ಮಾತೂ ಸಣ್ಣದು. ಇದರಿಂದ ಹೆದರಿ ಮಕ್ಕಳನ್ನು ಕಡಲಿಗೇ ಕಳುಹಿಸಬಾರದು ಎಂದರೆ, ದೂರದ ಬಡ ಮಗುವಿನ ಪಾಲಿಗೆ ಆ ಬಾಗಿಲು ಮುಚ್ಚಿದಂತೆ. ಬಸ್ಸಿಗೆ ಮಾತ್ರ ಹಣ ಹೊಂದಿಸಿ ಕಾವಲಿಗೆ ಹಣ ಇಡದ ಪ್ರವಾಸ ಅಪೂರ್ಣ ಎಂಬುದೇ ನಾವು ಕಲಿಯಬೇಕಾದ ಪಾಠ.

ದಾನಿಗಳಿಗೆ, ಪೋಷಕರಿಗೆ

ಝಕಾತ್‌ನ ಹಕ್ಕುದಾರರು ಯಾರೆಂದು ಕುರ್‌ಆನ್‌ನಲ್ಲಿಯೇ ನಿಗದಿಯಾಗಿದೆ. ಆದ್ದರಿಂದ ಪ್ರವಾಸದ ಖರ್ಚಿಗೆ ಝಕಾತ್ ಹಣವನ್ನು ಮುಟ್ಟಬೇಕೆಂಬುದು ನಮ್ಮ ಮಾತಲ್ಲ. ಶುಲ್ಕದ ಹಣ ಶುಲ್ಕಕ್ಕೇ ಹೋಗಬೇಕು. ಇಂಥ ಕಾರ್ಯಕ್ಕೆ ಸದಕದಿಂದ, ಅದಕ್ಕೆಂದೇ ಹೇಳಿ ಕೊಟ್ಟ ದೇಣಿಗೆಯಿಂದ ಖರ್ಚಾಗಬೇಕು ಮತ್ತು ಲೆಕ್ಕ ಬೇರೆಯಾಗಿರಬೇಕು. ತಮ್ಮ ಊರಿನ ಶಾಲೆಗೆ ತಾವೇ ನೇರವಾಗಿ ನೆರವಾಗುವುದಾದರೆ, ಬಸ್ಸಿನ ಜೊತೆಗೆ ಜೊತೆಹೋಗುವ ಹಿರಿಯರು, ಪ್ರಥಮ ಚಿಕಿತ್ಸೆ, ಲೈಫ್ ಜಾಕೆಟ್ ಮತ್ತು ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ವ್ಯವಸ್ಥೆಗೂ ಹಣ ಇದೆಯೇ ಎಂದು ದಯವಿಟ್ಟು ವಿಚಾರಿಸಿ.

ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆ ಕೇಳಬೇಕು. ಹೋಗುವ ತೀರದಲ್ಲಿ ಜೀವರಕ್ಷಕರಿದ್ದಾರೆಯೇ? ಜೊತೆಯಲ್ಲಿ ಶಿಕ್ಷಕಿಯರು ಇರುತ್ತಾರೆಯೇ? ನೀರಿಗೆ ಇಳಿಸುತ್ತಾರೆಯೇ, ದಡದಲ್ಲಿಯೇ ನೋಡುವುದೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲು ಪ್ರಕ್ಷುಬ್ಧವಾಗಿರುತ್ತದೆ, ಆಗ ನೀರಿಗಿಳಿಯುವ ಮಾತೇ ಬೇಡ. ಒಂದು ವಿಷಯವನ್ನು ಮಕ್ಕಳಿಗೆ ಮನೆಯಲ್ಲಿಯೇ ತಿಳಿಸಿ: ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಹಾದಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಅಂಥ ಸೆಳೆತದ ಜಾಗವಾಗಿರಬಹುದು. ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರವಾಗಿ ಸೆಣಸದೆ, ತೇಲುತ್ತ, ಕೈ ಎತ್ತಿ ಸಹಾಯ ಕೇಳಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ಕಡಲು ಅಲ್ಲಾಹನು ಎಲ್ಲರಿಗೂ ಕೊಟ್ಟದ್ದು. ಅದನ್ನು ಕಾಣುವ ಭಾಗ್ಯ ಮಗುವಿನ ಮನೆಯ ವರಮಾನದ ಮೇಲೆ ನಿಲ್ಲಬಾರದು, ಕಂಡು ಬಂದ ಮಗು ಸುರಕ್ಷಿತವಾಗಿ ಮನೆ ಸೇರಬೇಕು. ಈ ಎರಡಕ್ಕೂ ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ತಮ್ಮ ಗಮನ ಬೇಕು.