ಧೋಲವೀರಾದಲ್ಲಿ ಡೇರೆ ವಾಸ: ಮೊದಲ ಪಾಠ ನೀರಿನದು

ಗುಜರಾತಿನ ಕಚ್ ಜಿಲ್ಲೆಯ ರಣ್ ಪ್ರದೇಶದಲ್ಲಿ, ಖದಿರ್ ಬೇಟ್ ಎಂಬ ನಡುಗಡ್ಡೆಯ ಮೇಲೆ ಸುಮಾರು 5,000 ವರ್ಷಗಳ ಹಿಂದೆ ತಲೆಯೆತ್ತಿದ ಹರಪ್ಪಾ ನಗರವೇ ಧೋಲವೀರಾ. 2021ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣಕ್ಕೆ ಖಾವಡಾ ಕಡೆಯಿಂದ ರಣ್ ಸೀಳಿಕೊಂಡು ಬರುವ ರಸ್ತೆಯೂ ಈಗ ಇದೆ. ಉಪ್ಪಿನ ಬಯಲಿನ ಅಂಚಿನಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಆಸೆ ಯಾರಿಗಾದರೂ ಸಹಜ. ಆದರೆ ದಾರಿ ಸುಲಭವಾದ ಮಾತ್ರಕ್ಕೆ ಮರುಭೂಮಿ ಮೃದುವಾಗುವುದಿಲ್ಲ.

ನೀರು: ಕೊರತೆಯೂ ಅಪಾಯ, ಹರಿವೂ ಅಪಾಯ

ಇಲ್ಲಿನ ಅಂತರ್ಜಲ ಬಹುತೇಕ ಉಪ್ಪು. ಆದುದರಿಂದ ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ಕುಡಿಯುವ ನೀರು, ಜತೆಗೆ ಒಂದು ದಿನಕ್ಕೆ ಸಾಕಾಗುವಷ್ಟು ಹೆಚ್ಚುವರಿ ನೀರು ವಾಹನದಲ್ಲಿರಬೇಕು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದರಿಂದ ಚಳಿಗಾಲವೇ ಭೇಟಿಗೆ ಯೋಗ್ಯ. ಬಿಸಿಲಲ್ಲಿ ನಡೆದವರು ತೊದಲತೊಡಗಿದರೆ, ಗೊಂದಲಗೊಂಡರೆ ಅದು ಬರೀ ಆಯಾಸವಲ್ಲ, ಶಾಖಾಘಾತದ ಲಕ್ಷಣ. ಕೂಡಲೇ ನೆರಳಿಗೆ ಕರೆತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಬೇಕು.

ಪ್ರಾಚೀನ ನಗರದ ಇಕ್ಕೆಲಗಳಲ್ಲಿ ಮನಸರ್ ಮತ್ತು ಮನಹರ್ ಎಂಬ ಎರಡು ಹಳ್ಳಗಳಿವೆ. ವರ್ಷದ ಬಹುಪಾಲು ಒಣಗಿರುವ ಇವು ಮಳೆ ಬಂದಾಗ ಹರಿಯುತ್ತವೆ. ದೂರದಲ್ಲಿ ಮಳೆಯಾದರೂ ನೀರು ಇಲ್ಲಿಗೆ ನುಗ್ಗಬಹುದು. ಸಮತಟ್ಟಾದ ಮರಳೆಂದು ಹಳ್ಳದ ಪಾತ್ರದಲ್ಲಿ ಡೇರೆ ಹಾಕಕೂಡದು.

ಬಿಳಿ ನೆಲವನ್ನು ನಂಬಬೇಡಿ

ರಣ್‌ನ ಉಪ್ಪಿನ ಪದರದ ಕೆಳಗೆ ಹಲವೆಡೆ ಕೆಸರಿದೆ. ರಸ್ತೆ ಬಿಟ್ಟು ಇಳಿದ ವಾಹನ ಹೂತುಹೋಗುತ್ತದೆ. ಗುರುತಿಗೆ ಮರವಾಗಲಿ ಗುಡ್ಡವಾಗಲಿ ಇಲ್ಲದ ಬಯಲಿನಲ್ಲಿ ದಿಕ್ಕು ತಪ್ಪುವುದೂ ಸುಲಭ. ಉತ್ತರಕ್ಕೆ ಅಂತಾರಾಷ್ಟ್ರೀಯ ಗಡಿ ಇರುವುದನ್ನೂ ಮರೆಯಬಾರದು. ಎಲ್ಲಿ ತಂಗುತ್ತೀರಿ, ಎಂದು ಮರಳುತ್ತೀರಿ ಎಂಬುದನ್ನು ಊರಿನವರಿಗೆ ಮತ್ತು ಮನೆಯವರಿಗೆ ತಿಳಿಸಿ ಹೊರಡುವುದು ಕ್ಷೇಮ.

ರಾತ್ರಿಯ ಎಚ್ಚರ

ಚಳಿಗಾಲದ ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಚಳಿಗೆಂದು ಮುಚ್ಚಿದ ಡೇರೆಯೊಳಗೆ ಇದ್ದಿಲು ಉರಿಸಿದರೆ ವಿಷಾನಿಲ ನಿದ್ದೆಯಲ್ಲೇ ಪ್ರಾಣ ತೆಗೆಯಬಲ್ಲದು. ಕಚ್ ಭಾಗದಲ್ಲಿ ಗರಗಸ ಮಂಡಲ ಹಾವು ಇದೆ. ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬಾರದು. ಬೂಟುಗಳನ್ನು ಕೊಡವಿಯೇ ತೊಡಬೇಕು. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ತಪ್ಪು. ಕಚ್ಚಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಬೇಕು. ಕರ್ನಾಟಕದಂತೆ ಅಲ್ಲಿಯೂ ಆಂಬುಲೆನ್ಸ್ ಸಂಖ್ಯೆ ಇದೇ. ಆದರೆ ದೊಡ್ಡ ಆಸ್ಪತ್ರೆಗೆ ದೂರದ ಭುಜ್ ನಗರಕ್ಕೇ ಹೋಗಬೇಕು.

ಅವಶೇಷಗಳ ನಡುವೆ

ಸಂರಕ್ಷಿತ ಪ್ರದೇಶದೊಳಗೆ ಡೇರೆ ಹಾಕುವಂತಿಲ್ಲ. ಹೊರಗಿನ ಅಧಿಕೃತ ತಂಗುದಾಣಗಳೇ ಗತಿ. ಅಗೆದ ಗುಂಡಿಗಳ ಅಂಚಿಗೆ ಹೋಗುವುದೂ ಅಪಾಯಕರ. 2024ರ ನವೆಂಬರ್‌ನಲ್ಲಿ ಗುಜರಾತಿನ ಇನ್ನೊಂದು ಹರಪ್ಪಾ ತಾಣವಾದ ಲೋಥಲ್ ಬಳಿ, ಮಣ್ಣಿನ ಮಾದರಿ ಸಂಗ್ರಹಿಸಲು ಗುಂಡಿಗಿಳಿದಿದ್ದ ಐಐಟಿ ದೆಹಲಿಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಮಣ್ಣು ಕುಸಿದು ಮೃತಪಟ್ಟರು. ಪರಿಣತರಿಗೇ ಹೀಗಾದರೆ ಪ್ರವಾಸಿಗರ ಪಾಡೇನು?

ಧೋಲವೀರಾದ ಜನ ಹಳ್ಳಗಳಿಗೆ ಒಡ್ಡು ಕಟ್ಟಿ, ಬಂಡೆ ಕೊರೆದು ಜಲಾಶಯಗಳನ್ನು ನಿರ್ಮಿಸಿ, ಬರುವ ನೀರನ್ನೆಲ್ಲ ಹಿಡಿದಿಟ್ಟು ಬಾಳಿದರು. ಅದೃಷ್ಟವನ್ನು ನೆಚ್ಚಿ ಅವರು ಅಲ್ಲಿ ನೆಲೆಸಲಿಲ್ಲ. ಒಂದು ರಾತ್ರಿ ತಂಗಲು ಹೋಗುವವರೂ ನೆಚ್ಚಬಾರದು.